ಅಂಗಸಾಧನೆ: ಮೈ, ಮನಸ್ಸು ಮತ್ತು ಊಟದ ಕಥೆ

ಕಿರುತೆರೆಯ ಮಾತುಕತೆಗೆ ದೊರೆಯುವ ಸಮಯ ಸ್ವಲ್ಪ. ಅಲ್ಲಿ ಹೇಳಲಾಗದೆ ಉಳಿಯುವುದು ಬಹಳ. ವ್ಯಾಯಾಮದ ಬಗ್ಗೆ ಮಾತು ಬಂದಾಗಲೆಲ್ಲ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ: ಎಷ್ಟು ತೂಕ ಎತ್ತಬೇಕು? ಎಷ್ಟು ದಿನದಲ್ಲಿ ಮೈ ಕಟ್ಟುತ್ತದೆ? ಯಾವ ಪುಡಿ ತಿನ್ನಬೇಕು? ಈ ಪ್ರಶ್ನೆಗಳಲ್ಲಿ ಒಂದು ಸಂಗತಿ ಕಾಣೆಯಾಗಿದೆ. ಅದು ಮನಸ್ಸು. ನಮ್ಮ ನಾಡಿನಲ್ಲಿ ಮೈಯನ್ನು ಸಾಧಿಸಿದವರು ಮನಸ್ಸನ್ನೂ ಊಟವನ್ನೂ ಹೊರಗಿಟ್ಟು ಸಾಧಿಸಿದವರಲ್ಲ. ಈ ಮೂರೂ ಒಂದೇ ಸೂರಿನಡಿ ಹೇಗಿದ್ದವು, ಯಾವಾಗ ಬೇರೆಯಾದವು, ಇಂದಿನ ವಿಜ್ಞಾನ ಅವುಗಳ ಬಗ್ಗೆ ಏನು ಹೇಳುತ್ತದೆ ಎಂಬುದನ್ನು ಹಾಸನ ಸೀಮೆಯಿಂದಲೇ ಆರಂಭಿಸಿ ನೋಡೋಣ.

ಕಣ್ಣಿನ ಕಾಳಗ ಮೊದಲು

ಬೆಂಗಳೂರಿನಿಂದ ಹಾಸನದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಚನ್ನರಾಯಪಟ್ಟಣ ತಾಲ್ಲೂಕನ್ನು ಪ್ರವೇಶಿಸಿದಾಗ ಮೊದಲು ಸಿಗುವ ದೊಡ್ಡ ಊರುಗಳಲ್ಲಿ ಹಿರೀಸಾವೆಯೂ ಒಂದು. ಸುತ್ತ ತೆಂಗಿನ ತೋಟ, ರಾಗಿಯ ಹೊಲ. ಅಲ್ಲಿಂದ ಶ್ರವಣಬೆಳಗೊಳ ದೂರವಲ್ಲ. ಅಲ್ಲಿನ ಬೆಟ್ಟದ ಮೇಲೆ ಗಂಗರ ಮಂತ್ರಿ ಚಾವುಂಡರಾಯ ಕ್ರಿ.ಶ. 981ರ ಸುಮಾರಿಗೆ ನಿಲ್ಲಿಸಿದ ಗೊಮ್ಮಟನಿದ್ದಾನೆ. ಎತ್ತರ ಸುಮಾರು 58 ಅಡಿ. ಅಗಲವಾದ ಹೆಗಲು, ಮೊಣಕಾಲಿನವರೆಗೆ ಇಳಿದ ತೋಳು, ಅರ್ಧ ತೆರೆದ ಕಣ್ಣು. ಶಾಲಾ ಪ್ರವಾಸದಲ್ಲಿ ನೀವೆಲ್ಲ ನೋಡಿರುತ್ತೀರಿ. ಆದರೆ ಅದು ಒಬ್ಬ ಮಲ್ಲನ ಮೂರ್ತಿಯೂ ಹೌದು ಎಂಬುದನ್ನು ಗಮನಿಸಿದವರು ಕಡಿಮೆ.

ಪಂಪ ಕ್ರಿ.ಶ. 941ರಲ್ಲಿ ರಚಿಸಿದ ‘ಆದಿಪುರಾಣ’ದಲ್ಲಿ ಈ ಕಥೆ ವಿಸ್ತಾರವಾಗಿ ಬರುತ್ತದೆ. ಅಣ್ಣ ಭರತನಿಗೂ ತಮ್ಮ ಬಾಹುಬಲಿಗೂ ರಾಜ್ಯಕ್ಕಾಗಿ ವಿರಸ ಹುಟ್ಟಿದಾಗ ಮಂತ್ರಿಗಳು ಸೈನ್ಯಗಳ ರಕ್ತಪಾತ ಬೇಡವೆಂದು ಇಬ್ಬರ ನಡುವೆ ಮೂರು ಕಾಳಗಗಳನ್ನು ಗೊತ್ತು ಮಾಡುತ್ತಾರೆ: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೊದಲನೆಯದು ರೆಪ್ಪೆ ಮಿಟುಕಿಸದೆ ಎದುರಾಳಿಯನ್ನು ನೋಡುವ ಸ್ಪರ್ಧೆ. ತೋಳ್ಬಲದ ಪರೀಕ್ಷೆ ಬರುವುದು ಕೊನೆಯಲ್ಲಿ. ಮೂರರಲ್ಲೂ ಬಾಹುಬಲಿಯೇ ಗೆಲ್ಲುತ್ತಾನೆ. ಗೆದ್ದ ಕ್ಷಣದಲ್ಲೇ ಈ ಗೆಲುವಿನ ಬೆಲೆಯೇನು ಎಂದು ಯೋಚಿಸಿ ಎಲ್ಲವನ್ನೂ ಬಿಟ್ಟು ತಪಸ್ಸಿಗೆ ನಿಲ್ಲುತ್ತಾನೆ. ಬಳ್ಳಿ ಮೈಗೆ ಹಬ್ಬುವಷ್ಟು ಕಾಲ ನಿಂತರೂ ಅವನಿಗೆ ಜ್ಞಾನ ಲಭಿಸುವುದಿಲ್ಲ. ತಾನು ನಿಂತಿರುವುದು ಅಣ್ಣನ ನೆಲವಲ್ಲವೇ ಎಂಬ ಒಂದು ಮುಳ್ಳು ಮನಸ್ಸಿನಲ್ಲಿ ಉಳಿದಿತ್ತು, ಅದು ಹೋದ ಮೇಲೆಯೇ ದಾರಿ ತೆರೆಯಿತು ಎಂದು ನಾಡಿನಲ್ಲಿ ಪ್ರಚಲಿತವಾದ ಕಥನ ಹೇಳುತ್ತದೆ.

ಇದು ಪುರಾಣ, ಇತಿಹಾಸವಲ್ಲ. ಆದರೆ ಸಾವಿರ ವರ್ಷಗಳ ಹಿಂದಿನ ಕನ್ನಡಿಗರು ಬಲಶಾಲಿಯನ್ನು ಹೇಗೆ ಕಲ್ಪಿಸಿಕೊಂಡಿದ್ದರು ಎಂಬುದಕ್ಕೆ ಇದು ಸಾಕ್ಷಿ. ಅವರ ಕಣ್ಣಿನಲ್ಲಿ ಬಲಶಾಲಿ ಎಂದರೆ ಮೊದಲು ದೃಷ್ಟಿಯನ್ನು ನಿಲ್ಲಿಸಬಲ್ಲವನು, ಕೊನೆಗೆ ತನ್ನನ್ನೇ ಪರೀಕ್ಷಿಸಿಕೊಳ್ಳಬಲ್ಲವನು.

ಅರಮನೆಯ ಮಲ್ಲರು, ಊರಿನ ಗರಡಿ

ಪುರಾಣದಿಂದ ಚರಿತ್ರೆಗೆ ಬರೋಣ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಒಂದು ಭಾಗವೇ ಇದೆ. ವಯಸ್ಸು, ಗಾತ್ರ, ಬಲಗಳ ಆಧಾರದ ಮೇಲೆ ಮಲ್ಲರನ್ನು ಅಲ್ಲಿ ವರ್ಗೀಕರಿಸಲಾಗಿದೆ. ಅವರು ಮಾಡಬೇಕಾದ ವ್ಯಾಯಾಮವನ್ನು ಹೇಳಿದೆ. ಅರಮನೆ ಅವರಿಗೆ ಒದಗಿಸಬೇಕಾದ ಆಹಾರವನ್ನೂ ಹೇಳಿದೆ: ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಸಿಹಿತಿಂಡಿ. ಇಂದಿನ ಮಾತಿನಲ್ಲಿ ಹೇಳುವುದಾದರೆ ಪ್ರೋಟೀನು ಮತ್ತು ಶರ್ಕರಪಿಷ್ಟ ಎರಡೂ ಸೇರಿದ ಪಟ್ಟಿ ಅದು. ಅಂಗಸಾಧಕರ ಊಟ ಬೇರೆಯೇ ಆಗಿರಬೇಕು ಎಂಬ ತಿಳಿವಳಿಕೆ ಪರದೇಶದಿಂದ ಡಬ್ಬಿಯಲ್ಲಿ ಬಂದದ್ದಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಈ ವಿದ್ಯೆ ಉಳಿದದ್ದು ಗರಡಿಮನೆಗಳಲ್ಲಿ. ಗರಡಿಯ ಬಾಗಿಲು ಸಾಮಾನ್ಯವಾಗಿ ಗಿಡ್ಡ; ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಹದ ಮಾಡಿದ ಕೆಮ್ಮಣ್ಣು, ಗೋಡೆಯ ಮೇಲೆ ಆಂಜನೇಯ, ಮೂಲೆಯಲ್ಲಿ ಗದೆ. ಬೆಳಗಿನ ಜಾವ ಎದ್ದು ದಂಡ ಬಸ್ಕಿ ತೆಗೆಯುವುದು, ಮಣ್ಣು ಅಗೆದು ಹದ ಮಾಡುವುದು, ವಸ್ತಾದರ ಮಾತಿಗೆ ಎದುರಾಡದಿರುವುದು, ಊಟ ನಿದ್ರೆಗಳಲ್ಲಿ ನಿಯಮ ತಪ್ಪದಿರುವುದು, ಊರಿನಲ್ಲಿ ಬಲ ತೋರಿಸಲು ಹೋಗದಿರುವುದು, ಇವೆಲ್ಲ ಸಾಮಿನ ಭಾಗವೇ ಆಗಿದ್ದವು. ಮನಸ್ಸಿಗೆ ಪ್ರತ್ಯೇಕ ಪಾಠವಿರಲಿಲ್ಲ, ನಡವಳಿಕೆಯೇ ಪಾಠ. ಮೈಸೂರಿನಲ್ಲಿ ವಿಜಯದಶಮಿಯ ದಿನ ಅರಮನೆಯ ಆವರಣದಲ್ಲಿ ಜಟ್ಟಿಗಳ ನಡುವೆ ನಡೆದುಬಂದ ವಜ್ರಮುಷ್ಟಿ ಕಾಳಗವನ್ನು ನೆನೆಯಿರಿ. ತಲೆಯಿಂದ ಒಂದು ಹನಿ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ಕೈಯಲ್ಲಿ ಆಯುಧವಿದ್ದಾಗಲೂ ನಿಲ್ಲಬೇಕಾದ ಕ್ಷಣದಲ್ಲಿ ನಿಲ್ಲುವುದೇ ಅಲ್ಲಿನ ಶಿಸ್ತು.

ಗರಡಿಯ ಎಲ್ಲವೂ ಸರಿಯಿತ್ತೆಂದು ಹೇಳುವ ಹಾಗಿಲ್ಲ. ಹೆಣ್ಣುಮಕ್ಕಳಿಗೆ ಆ ಗಿಡ್ಡ ಬಾಗಿಲು ಬಹುಕಾಲ ತೆರೆಯಲೇ ಇಲ್ಲ. ಏಕೆ ಹೀಗೆ ಮಾಡಬೇಕು ಎಂದು ಕೇಳುವುದಕ್ಕೂ ಅಲ್ಲಿ ಅವಕಾಶ ಕಡಿಮೆ. ಆ ‘ಏಕೆ’ ಎಂಬ ಪ್ರಶ್ನೆ ಹುಟ್ಟಿದ್ದು 20ನೆಯ ಶತಮಾನದ ಮೊದಲ ಭಾಗದಲ್ಲಿ.

ಬೆಂಗಳೂರಿನ ಒಬ್ಬ ಅಂಗಸಾಧಕ

1897ರಲ್ಲಿ ಜನಿಸಿದ ಕೆ.ವಿ. ಅಯ್ಯರ್ ಅವರ ಹೆಸರನ್ನು ಸಾಹಿತ್ಯದ ವಿದ್ಯಾರ್ಥಿಗಳು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ಬಲ್ಲರು. ಹೊಯ್ಸಳ ರಾಣಿಯ ಕಥೆ ಬರೆದ ಈ ಲೇಖಕ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಅಂಗಸಾಧಕರೂ ಆಗಿದ್ದರು. ಗುಂಡು, ಸರಳು, ಡಂಬೆಲ್ಲುಗಳ ಪಾಶ್ಚಾತ್ಯ ಕ್ರಮವನ್ನು ಕಲಿತರು. ಅದರ ಜೊತೆಗೆ ಸೂರ್ಯನಮಸ್ಕಾರವನ್ನೂ ಆಸನಗಳನ್ನೂ ಸೇರಿಸಿದರು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕವನ್ನೂ 1937ರಲ್ಲಿ ಸೂರ್ಯನಮಸ್ಕಾರದ ಬಗ್ಗೆ ಇನ್ನೊಂದನ್ನೂ ಪ್ರಕಟಿಸಿದರು. ದೂರದ ಊರಿನವರಿಗೆ ಅಂಚೆಯ ಮೂಲಕ ವ್ಯಾಯಾಮ ಕಲಿಸಿದರು. ಯೋಗಸಾಧಕ ಎಸ್. ಸುಂದರಂ ಅವರೊಡನೆ ಸೇರಿ ಊರೂರಿನಲ್ಲಿ ಉಪನ್ಯಾಸ ಮತ್ತು ಪ್ರಾತ್ಯಕ್ಷಿಕೆ ನೀಡಿದರು. ಟಿ.ಪಿ. ಕೈಲಾಸಂ ಅವರ ಸ್ನೇಹ, ನಾಟಕದ ಹುಚ್ಚು, ಕಾದಂಬರಿಯ ಬರವಣಿಗೆ ಎಲ್ಲವೂ ಅದೇ ಬಾಳಿನಲ್ಲಿ ಹಿಡಿಸಿದವು. ಮೈ ಬೆಳೆಸುವವನು ಪುಸ್ತಕ ಓದುವುದಿಲ್ಲ ಎಂಬ ತಮಾಷೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಅವರು ತೀರಿಕೊಂಡದ್ದು 1980ರಲ್ಲಿ.

ಹಾಸನದ ಜುಬಿಲಿ ಹಾಲ್, 1927

ಇದೇ ಕಾಲದಲ್ಲಿ ಹಾಸನದಲ್ಲಿ ಒಂದು ಘಟನೆ ನಡೆಯಿತು. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ಹಲವು ಶಾಸ್ತ್ರಗಳನ್ನು ಓದಿದವರು. ಹೊಟ್ಟೆಪಾಡಿಗಾಗಿ ಹಾಸನ ಜಿಲ್ಲೆಯ ಕಾಫಿ ತೋಟವೊಂದರಲ್ಲಿ ಮೇಲ್ವಿಚಾರಕರಾಗಿ ಕೆಲಸ ಮಾಡುತ್ತ, ಬಿಡುವಿನಲ್ಲಿ ಯೋಗದ ಬಗ್ಗೆ ಭಾಷಣ ಮಾಡುತ್ತಿದ್ದರು. 1927ರ ನವೆಂಬರಿನಲ್ಲಿ ಹಾಸನದ ಜುಬಿಲಿ ಹಾಲ್‌ನಲ್ಲಿ ಅವರು ಆಸನಗಳನ್ನು ಮಾಡಿ ತೋರಿಸಿದರು. ನೋಡುತ್ತಿದ್ದವರಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗನಿದ್ದ. ಹಾಸನದ ಬಳಿಯ ಕೌಶಿಕ ಗ್ರಾಮದವನು, ಪುರೋಹಿತರ ಮನೆಯ ಒಂಬತ್ತು ಮಕ್ಕಳಲ್ಲಿ ಒಬ್ಬ. ಹೆಸರು ಪಟ್ಟಾಭಿ ಜೋಯಿಸ್. ಮರುದಿನವೇ ಹೋಗಿ ತನಗೂ ಕಲಿಸಬೇಕೆಂದು ಕೇಳಿಕೊಂಡ. ಸುಮಾರು ಎರಡು ವರ್ಷ, ಶಾಲೆಗೆ ಹೋಗುವ ಮುನ್ನ ದಿನವೂ ಅಭ್ಯಾಸ ನಡೆಯಿತು. 1930ರಲ್ಲಿ ಕೈಯಲ್ಲಿ ಎರಡು ರೂಪಾಯಿ ಇಟ್ಟುಕೊಂಡು ಸಂಸ್ಕೃತ ಕಲಿಯಲೆಂದು ಮೈಸೂರಿಗೆ ಹೊರಟುಹೋದ.

ಮುಂದೆ ಗುರುವೂ ಮೈಸೂರಿಗೆ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಯಿತು. 1934ರಲ್ಲಿ ಕೃಷ್ಣಮಾಚಾರ್ಯರ ‘ಯೋಗ ಮಕರಂದ’ ಕನ್ನಡದಲ್ಲೇ ಅಚ್ಚಾಯಿತು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ, ಮುಂದೆ ಪುಣೆಯಲ್ಲಿ ನೆಲೆಸಿ ಜಗತ್ಪ್ರಸಿದ್ಧರಾದ ಬಿ.ಕೆ.ಎಸ್. ಅಯ್ಯಂಗಾರರು ಕಲಿತದ್ದೂ ಇಲ್ಲಿಯೇ. ಪಟ್ಟಾಭಿ ಜೋಯಿಸರು 1937ರಿಂದ ಸಂಸ್ಕೃತ ಪಾಠಶಾಲೆಯಲ್ಲಿ ಯೋಗ ಕಲಿಸಿದರು. 1948ರಲ್ಲಿ ಮೈಸೂರಿನ ಲಕ್ಷ್ಮೀಪುರಂನಲ್ಲಿ ತಮ್ಮದೇ ಸಂಸ್ಥೆ ತೆರೆದರು. 1962ರಲ್ಲಿ ‘ಯೋಗಮಾಲಾ’ ಎಂಬ ಕನ್ನಡ ಪುಸ್ತಕ ಪ್ರಕಟಿಸಿದರು. 1960ರ ದಶಕದಿಂದ ಪರದೇಶದ ವಿದ್ಯಾರ್ಥಿಗಳು ಮೈಸೂರಿಗೆ ಬರತೊಡಗಿದರು. ಕೌಶಿಕದ ಹುಡುಗ ಕಲಿತದ್ದು ಕ್ಯಾಲಿಫೋರ್ನಿಯದವರೆಗೆ ಹೋಯಿತು.

ಆ ಪದ್ಧತಿಯಲ್ಲಿ ಪ್ರತಿ ಚಲನೆಗೂ ಒಂದು ಉಸಿರು, ಪ್ರತಿ ಆಸನಕ್ಕೂ ದೃಷ್ಟಿ ನಿಲ್ಲಿಸಲು ಒಂದು ತಾಣ: ಮೂಗಿನ ತುದಿ, ಕೈಬೆರಳು, ಹೊಕ್ಕುಳು ಹೀಗೆ. ಮೈ ಬೆವರುತ್ತಿರುವಾಗಲೇ ಗಮನ ಚದುರದಂತೆ ನೋಡಿಕೊಳ್ಳುವ ಉಪಾಯವಿದು. ಶ್ರವಣಬೆಳಗೊಳದ ಕಥೆಯ ದೃಷ್ಟಿಯುದ್ಧ ಇಲ್ಲಿ ತನ್ನೊಡನೆಯೇ ನಡೆಯುತ್ತದೆ. ಊಟದ ವಿಷಯದಲ್ಲಿ ಯೋಗ ಪರಂಪರೆಯ ಸೂತ್ರ ಮಿತಾಹಾರ: ಹೊಟ್ಟೆಯ ಅರ್ಧ ಅನ್ನಕ್ಕೆ, ಕಾಲು ಭಾಗ ನೀರಿಗೆ, ಉಳಿದ ಕಾಲು ಭಾಗ ಖಾಲಿ.

ನಂಬಿಕೆಯೂ ಪರೀಕ್ಷೆಯೂ

ವಿಜ್ಞಾನ ಓದಿದ ನನಗೆ ಈ ಚರಿತ್ರೆಯಲ್ಲಿ ಬಹಳ ಮೆಚ್ಚುಗೆಯಾಗುವುದು ಇದು ಪರೀಕ್ಷೆಗೂ ಒಡ್ಡಿಕೊಂಡಿತು ಎಂಬ ಸಂಗತಿ. 1935ರಲ್ಲಿ ಫ್ರಾನ್ಸಿನ ವೈದ್ಯೆ ತೆರೇಸ್ ಬ್ರಾಸ್ ಭಾರತಕ್ಕೆ ಬಂದು ಯೋಗಿಗಳ ಹೃದಯದ ಬಡಿತವನ್ನು ಯಂತ್ರದಿಂದ ದಾಖಲಿಸಿದರು. ಕೃಷ್ಣಮಾಚಾರ್ಯರೂ ಅವರಲ್ಲಿ ಒಬ್ಬರು. ಯೋಗಿಗಳು ಹೃದಯವನ್ನೇ ನಿಲ್ಲಿಸಬಲ್ಲರು ಎಂಬ ಮಾತು ಹಬ್ಬಿತು. 1961ರಲ್ಲಿ ವೆಂಗರ್, ಬಾಗ್ಚಿ, ಆನಂದ್ ಎಂಬ ಮೂವರು ವಿಜ್ಞಾನಿಗಳು ಹೆಚ್ಚು ಸೂಕ್ಷ್ಮವಾದ ಉಪಕರಣಗಳಿಂದ ನಡೆಸಿದ ಪರೀಕ್ಷೆಗಳ ಫಲಿತಾಂಶ ಪ್ರಕಟಿಸಿದರು. ಉಸಿರು ಹಿಡಿದು ಎದೆ, ಹೊಟ್ಟೆಯ ಸ್ನಾಯುಗಳನ್ನು ಬಿಗಿದಾಗ ಹೃದಯಕ್ಕೆ ಹಿಂತಿರುಗುವ ರಕ್ತ ಕಡಿಮೆಯಾಗುತ್ತದೆ. ನಾಡಿ ಸಿಗದಂತಾಗುತ್ತದೆ, ಬಡಿತದ ಸದ್ದೂ ಕ್ಷೀಣಿಸುತ್ತದೆ. ಆದರೆ ಇ.ಸಿ.ಜಿ. ರೇಖೆ ಮಾತ್ರ ನಡೆದೇ ಇರುತ್ತದೆ. ಅಂದರೆ ಹೃದಯ ನಿಂತಿರಲಿಲ್ಲ. ಸಾಧಕರಿಗೆ ತಮ್ಮ ಉಸಿರು, ಸ್ನಾಯುಗಳ ಮೇಲಿದ್ದ ಹಿಡಿತವಂತೂ ನಿಜವಾಗಿತ್ತು. ಹೊಗಳಿಕೆಯ ಜೊಳ್ಳು ಹಾರಿಹೋಗಿ ಕಾಳು ಉಳಿಯಿತು.

ಇನ್ನೊಂದು ಪರೀಕ್ಷೆ ಇತಿಹಾಸದ್ದು. ತಮ್ಮ ಆಸನಕ್ರಮ ‘ಯೋಗ ಕೊರುಂಟ’ ಎಂಬ ಪ್ರಾಚೀನ ಗ್ರಂಥದಿಂದ ಬಂದದ್ದೆಂದು ಪಟ್ಟಾಭಿ ಜೋಯಿಸರು ಹೇಳುತ್ತಿದ್ದರು. ಆ ಗ್ರಂಥದ ಪ್ರತಿ ವಿದ್ವಾಂಸರಿಗೆ ಸಿಕ್ಕಿಲ್ಲ. ಸಿಕ್ಕಿರುವುದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಶ್ರೀತತ್ತ್ವನಿಧಿ’. ಅದರಲ್ಲಿ 122 ಆಸನಗಳ ಚಿತ್ರಗಳಿವೆ. ಗರಡಿಯ ದಂಡಗಳು, ಹಳೆಯ ಆಸನಗಳು, ಅರಮನೆಯ ಜಿಮ್ನಾಸ್ಟಿಕ್ಸ್ ಇವೆಲ್ಲ ಮೈಸೂರಿನಲ್ಲಿ ಬೆರೆತವೆಂದು ನಾರ್ಮನ್ ಶೋಮನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾದಿಸಿದರು. ಈ ವಾದದ ಬಗ್ಗೆ ಚರ್ಚೆ ನಡೆದೇ ಇದೆ. ಅಭ್ಯಾಸದಿಂದ ಪ್ರಯೋಜನವಾಗಲು ಅದು ಸಾವಿರಾರು ವರ್ಷ ಹಳೆಯದೇ ಆಗಿರಬೇಕೆಂದೇನೂ ಇಲ್ಲ ಎಂಬುದನ್ನು ನೀವು ನೆನಪಿಡಿ.

ಮೂರನೆಯ ಪರೀಕ್ಷೆ ಎಲ್ಲಕ್ಕಿಂತ ಕಹಿಯಾದದ್ದು. ಪಟ್ಟಾಭಿ ಜೋಯಿಸರು 2009ರಲ್ಲಿ ತೀರಿಕೊಂಡರು. ಆಸನ ತಿದ್ದುವಾಗ ಅವರು ತಮ್ಮನ್ನು ಅನುಚಿತವಾಗಿ ಮುಟ್ಟುತ್ತಿದ್ದರೆಂದು ಹಲವು ಶಿಷ್ಯೆಯರು, ವಿಶೇಷವಾಗಿ 2017ರಿಂದೀಚೆಗೆ, ಬಹಿರಂಗವಾಗಿ ಹೇಳಿದರು. 2019ರಲ್ಲಿ ಅವರ ಮೊಮ್ಮಗ ಶರತ್ ಜೋಯಿಸ್ ಆ ಶಿಷ್ಯೆಯರ ನೋವಿಗೆ ಬಹಿರಂಗವಾಗಿ ಕ್ಷಮೆ ಕೋರಿದರು. ಮಕ್ಕಳು ಓದುವ ಪುಟದಲ್ಲಿ ಇದು ಏಕೆ ಎಂದು ಕೆಲವರು ಕೇಳಬಹುದು. ಮಕ್ಕಳು ಓದುತ್ತಾರೆಂದೇ ಇದನ್ನು ಬರೆದಿದ್ದೇನೆ. ಗುರು, ವಸ್ತಾದ್, ಕೋಚ್ ಯಾರೇ ಇರಲಿ, ನಿಮ್ಮ ಮೈಯ ಮೇಲಿನ ಹಕ್ಕು ನಿಮ್ಮದು. ಮುಜುಗರವಾದರೆ ಬೇಡ ಎನ್ನಿ, ಮನೆಯವರಿಗೆ ತಿಳಿಸಿ. ಮನಸ್ಸಿನ ಶಿಸ್ತು ಶಿಷ್ಯರಿಗೆ ಎಷ್ಟೋ ಗುರುವಿಗೂ ಅಷ್ಟೇ.

ಮನಸ್ಸಿನ ವ್ಯಾಯಾಮ: ಪ್ರಯೋಗಶಾಲೆಯ ಸಾಕ್ಷ್ಯ

ಹಿರಿಯರು ಅನುಭವದಿಂದ ಹೇಳಿದ್ದನ್ನು ಕಳೆದ ಕೆಲವು ದಶಕಗಳಲ್ಲಿ ಅಳತೆ ಮಾಡಿ ನೋಡಲಾಗಿದೆ. 1992ರಲ್ಲಿ ಅಮೆರಿಕದ ಯೂ ಮತ್ತು ಕೋಲ್ ಎಂಬ ಸಂಶೋಧಕರು ಕಿರುಬೆರಳಿನ ಸ್ನಾಯುವಿನ ಮೇಲೆ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಒಂದು ಗುಂಪು ನಾಲ್ಕು ವಾರ ಆ ಸ್ನಾಯುವನ್ನು ಬಿಗಿದು ಅಭ್ಯಾಸ ಮಾಡಿತು. ಇನ್ನೊಂದು ಗುಂಪು ಬೆರಳನ್ನು ಅಲುಗಿಸದೆ, ಬಿಗಿಯುತ್ತಿರುವಂತೆ ಮನಸ್ಸಿನಲ್ಲೇ ಕಲ್ಪಿಸಿಕೊಂಡಿತು. ಮೊದಲ ಗುಂಪಿನ ಬಲ ಸರಾಸರಿ ಶೇಕಡ 30ರಷ್ಟು ಹೆಚ್ಚಿತು. ಕಲ್ಪಿಸಿಕೊಂಡವರದು ಶೇಕಡ 22ರಷ್ಟು. ಏನೂ ಮಾಡದ ಗುಂಪಿನಲ್ಲಿ ಶೇಕಡ 4ರಷ್ಟೂ ಏರಲಿಲ್ಲ. ಇದಕ್ಕೆ ಕಾರಣ ಮಾಯೆಯಲ್ಲ. ಬಲವೆಂಬುದು ಸ್ನಾಯುವಿನ ಗಾತ್ರ ಮಾತ್ರವಲ್ಲ. ಮೆದುಳು ಎಷ್ಟು ಸ್ನಾಯುತಂತುಗಳನ್ನು ಒಟ್ಟಿಗೆ ಕೆಲಸಕ್ಕೆ ಎಬ್ಬಿಸುತ್ತದೆ ಎಂಬುದೂ ಹೌದು. ಮನಸ್ಸಿನ ಅಭ್ಯಾಸ ಆ ಆಜ್ಞೆಯನ್ನು ಹರಿತಗೊಳಿಸುತ್ತದೆ. ಹಾಗೆಂದು ಹಾಸಿಗೆಯಲ್ಲಿ ಮಲಗಿ ಬಸ್ಕಿ ಎಣಿಸಿದರೆ ಸಾಲದು. ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 1983ರಲ್ಲಿ ಫೆಲ್ಟ್ಸ್ ಮತ್ತು ಲ್ಯಾಂಡರ್ಸ್ ಮಾಡಿದ ವಿಶ್ಲೇಷಣೆಯ ಸಾರ ಇಷ್ಟು: ಏನೂ ಮಾಡದಿರುವುದಕ್ಕಿಂತ ಮಾನಸಿಕ ಅಭ್ಯಾಸ ಮೇಲು.

ದೃಷ್ಟಿಯ ಮಾತೂ ಹಾಗೆಯೇ. 1996ರಲ್ಲಿ ಕೆನಡಾದ ಜೋನ್ ವಿಕರ್ಸ್ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯರ ಕಣ್ಣಿನ ಚಲನೆಯನ್ನು ದಾಖಲಿಸಿದರು. ಚೆಂಡು ಎಸೆಯುವ ಮುನ್ನ ನುರಿತವರ ನೋಟ ಗುರಿಯ ಮೇಲೆ ಹೆಚ್ಚು ಹೊತ್ತು ನಿಶ್ಚಲವಾಗಿ ನಿಲ್ಲುತ್ತಿತ್ತು. ಉಸಿರನ್ನು ನಿಧಾನಗೊಳಿಸಿದರೆ, ಅದರಲ್ಲೂ ಹೊರಬಿಡುವ ಉಸಿರನ್ನು ದೀರ್ಘಗೊಳಿಸಿದರೆ, ಹೃದಯದ ಬಡಿತ ಇಳಿಯುತ್ತದೆ. ಪಂದ್ಯಕ್ಕೆ ಮುನ್ನ ಕೈ ನಡುಗುವವರು ಇದನ್ನು ಇಂದೇ ಮಾಡಿ ನೋಡಬಹುದು.

ಕನ್ನಡಿಯ ಬಲೆ

ಮನಸ್ಸನ್ನು ಮರೆತರೆ ಏನಾಗುತ್ತದೆ? 1997ರಲ್ಲಿ ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು ‘ಮಸಲ್ ಡಿಸ್ಮಾರ್ಫಿಯಾ’ ಎಂಬ ತೊಂದರೆಯನ್ನು ವಿವರಿಸಿದರು. ಚೆನ್ನಾಗಿ ಮೈ ಬೆಳೆಸಿದವನಿಗೂ ಕನ್ನಡಿಯಲ್ಲಿ ತಾನು ಬಡಕಲಾಗಿಯೇ ಕಾಣುತ್ತಾನೆ. ಊಟ, ಓದು, ಗೆಳೆತನ ಎಲ್ಲವನ್ನೂ ಬಿಟ್ಟು ಇನ್ನಷ್ಟು ಮತ್ತಷ್ಟು ಎಂದು ಓಡುತ್ತಾನೆ. ಈ ಓಟದ ಅಡ್ಡದಾರಿಯಲ್ಲಿ ಕಾದಿರುವುದು ಸ್ಟೀರಾಯ್ಡ್ ಚುಚ್ಚುಮದ್ದು. ಹೊರಗಿನಿಂದ ಪುರುಷ ಹಾರ್ಮೋನು ಬಂದಾಗ ದೇಹ ತನ್ನದನ್ನು ತಯಾರಿಸುವುದನ್ನು ನಿಲ್ಲಿಸುತ್ತದೆ, ವೃಷಣಗಳು ಕುಗ್ಗುತ್ತವೆ. ಯಕೃತ್ತಿಗೆ ಪೆಟ್ಟು, ಹೃದಯದ ಗೋಡೆ ದಪ್ಪವಾಗುವ ಅಪಾಯ. ಬೆಳೆಯುವ ವಯಸ್ಸಿನವರಲ್ಲಿ ಎಲುಬಿನ ತುದಿಗಳು ಬೇಗ ಮುಚ್ಚಿಕೊಂಡು ಎತ್ತರವೇ ನಿಂತುಹೋಗಬಹುದು. ಸ್ಪರ್ಧೆಗೆ ಹೋಗುವವರಿಗೆ ಇನ್ನೊಂದು ಮಾತು: 2005ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಗೆ 2022ರ ಕಾಯ್ದೆ ಶಾಸನದ ಬಲ ನೀಡಿದೆ. ಸಿಕ್ಕಿಬಿದ್ದರೆ ವರ್ಷಗಟ್ಟಲೆ ನಿಷೇಧ. ಪಾಸಿಟಿವ್ ಬಂದಮೇಲೆ ಡಬ್ಬಿಯಲ್ಲಿ ಏನಿತ್ತೋ ಗೊತ್ತಿರಲಿಲ್ಲ ಎಂದರೆ ತಪ್ಪಿಸಿಕೊಳ್ಳಲಾಗದು.

ಮುದ್ದೆ, ಹುರುಳಿ ಮತ್ತು ಒಂದು ಲೆಕ್ಕ

ಈಗ ಊಟಕ್ಕೆ ಬರೋಣ. ಒಂದು ಲೆಕ್ಕ ಮಾಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಸಾಮಾನ್ಯ ವಯಸ್ಕರಿಗೆ ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನು ಬೇಕು. 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ಕಠಿಣ ವ್ಯಾಯಾಮ ಮಾಡುವವರಿಗೆ ಕಿಲೋಗೆ 1.4ರಿಂದ 2 ಗ್ರಾಂ ಎಂದು ಕ್ರೀಡಾ ಪೋಷಣಾ ತಜ್ಞರು ಹೇಳುತ್ತಾರೆ. ಅಂದರೆ ಕನಿಷ್ಠ 84 ಗ್ರಾಂ.

ಇದು ಹಿರೀಸಾವೆಯ ಸಂತೆಯಲ್ಲಿ ಸಿಗುವ ಪದಾರ್ಥಗಳಿಂದ ಆಗುತ್ತದೆಯೇ? 200 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಸುಮಾರು 14 ಗ್ರಾಂ. 100 ಗ್ರಾಂ ಹುರುಳಿ ಅಥವಾ ಬೇರೆ ಕಾಳಿನಲ್ಲಿ 22. ಅರ್ಧ ಲೀಟರ್ ಹಾಲು, ಮೊಸರಿನಲ್ಲಿ 16. 50 ಗ್ರಾಂ ಕಡಲೆಕಾಯಿ ಬೀಜದಲ್ಲಿ 12. 150 ಗ್ರಾಂ ಅಕ್ಕಿಯಲ್ಲಿ 11. ಒಟ್ಟು 75. ಮೊಟ್ಟೆ ತಿನ್ನುವವರು ಎರಡು ಮೊಟ್ಟೆ, ತಿನ್ನದವರು 50 ಗ್ರಾಂ ಹೆಸರುಕಾಳು ಮೊಳಕೆ ಕಟ್ಟಿ ಸೇರಿಸಿದರೆ ಇನ್ನೂ 12. ಅಲ್ಲಿಗೆ 87. ಲೆಕ್ಕ ಕೂಡಿತು. ಧಾನ್ಯದ ಪ್ರೋಟೀನಿನಲ್ಲಿ ಕಡಿಮೆ ಇರುವ ಲೈಸೀನ್ ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆ ಇರುವ ಮೆಥಿಯೊನೀನ್ ಧಾನ್ಯದಲ್ಲಿದೆ. ಮುದ್ದೆಗೆ ಹುರುಳಿ ಸಾರು ಜೊತೆಯಾದದ್ದು ರುಚಿಗೆ ಮಾತ್ರವಲ್ಲ. ಜೊತೆಗೆ 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಬೇರಾವ ಸಾಮಾನ್ಯ ಧಾನ್ಯದಲ್ಲೂ ಅಷ್ಟಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದ ‘ರಾಗಿ ಲಕ್ಷ್ಮಣಯ್ಯ’ನವರನ್ನು ನಮ್ಮ ಕ್ರೀಡಾಪಟುಗಳೂ ನೆನೆಯಬೇಕು.

ಪ್ರೋಟೀನ್ ಪುಡಿ ವಿಷವಲ್ಲ. ಆದರೆ ಮನೆಯ ಊಟ ಸರಿಯಿರುವವರಿಗೆ ಅದು ಅಗತ್ಯವಲ್ಲ. ಅಪ್ಪ ರಾಗಿ, ತೆಂಗಿನಕಾಯಿ ಮಾರಿ ತಂದ ಹಣವನ್ನು ಡಬ್ಬಿಗೆ ಸುರಿಯುವ ಮುನ್ನ ಮೇಲಿನ ಲೆಕ್ಕವನ್ನು ನಿಮ್ಮ ತೂಕಕ್ಕೆ ಹಾಕಿ ನೋಡಿ. ಹೆಣ್ಣುಮಕ್ಕಳು ಇನ್ನೂ ಒಂದು ಕಡೆ ಗಮನ ಕೊಡಬೇಕು: ಮೊಳಕೆಕಾಳು, ಸೊಪ್ಪು, ನಿಂಬೆಹಣ್ಣು ಕಬ್ಬಿಣದ ಕೊರತೆ ತಡೆಯಲು ನೆರವಾಗುತ್ತವೆ. ಊಟದ ಜೊತೆಗೇ ಕುಡಿಯುವ ಕಾಫಿ, ಟೀ ಅದಕ್ಕೆ ಅಡ್ಡಿ. ಸುಸ್ತು ಬಿಡದಿದ್ದರೆ ರಕ್ತ ಪರೀಕ್ಷೆ ಮಾಡಿಸಿ.

ವಿದ್ಯಾರ್ಥಿಗಳಿಗೆ ನಾಲ್ಕು ಮಾತು

ಮೊದಲನೆಯದು, ಅಭ್ಯಾಸಕ್ಕೆ ಮುನ್ನ ಎರಡು ನಿಮಿಷ ಕಣ್ಣು ಮುಚ್ಚಿ, ಮಾಡಲಿರುವ ಚಲನೆಯನ್ನು ಮನಸ್ಸಿನಲ್ಲಿ ಪೂರ್ತಿ ನಡೆಸಿ ನೋಡಿ. ಎರಡನೆಯದು, ಭಾರ ಎತ್ತುವಾಗ ಉಸಿರು ಕಟ್ಟಬೇಡಿ, ದೃಷ್ಟಿ ಚದುರಿಸಬೇಡಿ, ಮೊಬೈಲು ದೂರವಿಡಿ. ಮೂರನೆಯದು, ಒಂದು ನೋಟ್‌ಬುಕ್ ಇಡಿ. ರಾತ್ರಿ ಮಲಗುವ ಮುನ್ನ ಐದು ಸಾಲು: ಇಂದು ಏನು ಮಾಡಿದೆ, ಏನು ತಿಂದೆ, ಎಷ್ಟು ನಿದ್ರಿಸಿದೆ, ಎಲ್ಲಿ ನೋವು, ಏಕೆ ಸಿಟ್ಟು ಬಂತು. ತಿಂಗಳ ಕೊನೆಯಲ್ಲಿ ಓದಿದರೆ ನಿಮ್ಮ ಕೋಚಿಗೂ ಕಾಣದ ಸಂಗತಿಗಳು ನಿಮಗೆ ಕಂಡಾವು. ನಾಲ್ಕನೆಯದು, ಎಂಟು ಗಂಟೆಯ ನಿದ್ರೆಯನ್ನು ಯಾವ ಕಾರಣಕ್ಕೂ ಕದಿಯಬೇಡಿ. ಸ್ನಾಯು ದುರಸ್ತಿಯ ಬಹುಪಾಲು ಕೆಲಸ ವಿಶ್ರಾಂತಿಯಲ್ಲೇ ನಡೆಯುತ್ತದೆ.

ಇವುಗಳಲ್ಲಿ ಯಾವುದಕ್ಕೂ ದುಡ್ಡು ಬೇಕಿಲ್ಲ. ಗರಡಿಯಲ್ಲಿ ಮಣ್ಣು ಅಗೆದವರಿಗೂ ಜುಬಿಲಿ ಹಾಲ್‌ನಲ್ಲಿ ಕಣ್ಣರಳಿಸಿ ನೋಡಿದ ಹುಡುಗನಿಗೂ ಇದ್ದ ಬಂಡವಾಳ ಒಂದೇ: ದಿನವೂ ತಪ್ಪದ ಅಭ್ಯಾಸ, ಮನೆಯ ಊಟ, ಗಮನ. ಅವರಿಗಿಂತ ನಿಮಗೆ ಒಂದು ಅನುಕೂಲ ಹೆಚ್ಚು. ‘ಏಕೆ’ ಎಂದು ಕೇಳುವ ಸ್ವಾತಂತ್ರ್ಯ ನಿಮಗಿದೆ. ವ್ಯಾಯಾಮ ಹೇಳಿಕೊಡುವವರನ್ನೂ, ಪುಡಿ ಮಾರುವವರನ್ನೂ, ಕೊನೆಗೆ ಕನ್ನಡಿಯ ಮುಂದೆ ನಿಂತ ನಿಮ್ಮನ್ನೂ ಆ ಪ್ರಶ್ನೆ ಕೇಳಿ.